ಕೀಲೆಣ್ಣೆ ಗೊಟ್ಟ

ದೇವರಾಯಸಮುದ್ರದ ಕೋದಂಡರಾಮಪ್ಪನವರ ಮನೆ ಮುಂದೆ, ಹುಣಸೆಮರದ ಕೆಳಗೆ, ಟ್ರಾಕ್ಟರು ಕೆಟ್ಟು ನಿಂತು ಇಪ್ಪತ್ತೆರಡು ದಿವಸವಾಗಿತ್ತು. ಮೊದಲ ವಾರ ಊರಿನವರು ದಾರಿಯಲ್ಲಿ ನಿಂತು ನೋಡಿ ಹೋದರು. ಎರಡನೇ ವಾರ ನೋಡಿ, ನಕ್ಕು ಹೋದರು. ಮೂರನೇ ವಾರ ಯಾರೂ ನೋಡಲಿಲ್ಲ. ಕೋಳಿಗಳು ಅದರ ಸೀಟಿನ ಮೇಲೆ ಹತ್ತಿ ಕೂರಲು ಕಲಿತವು. ದೊಡ್ಡ ಸೊಸೆ ವೆಂಕಟರತ್ನಮ್ಮ ಅದರ ಮುಳ್ಳುಚಕ್ರದಿಂದ ಹುಣಸೆಮರಕ್ಕೆ ಹಗ್ಗ ಕಟ್ಟಿ ಸೀರೆ ಒಣಹಾಕಿದಳು.

"ಅತ್ತಿಗೆ, ಅದು ಬಟ್ಟೆ ಒಣಗ್ಸೋಕೆ ತಂದಿರೋದಲ್ಲ," ಎಂದ ಕದಿರೇಶ.

"ಉಳೋಕೆ ತಂದಿದ್ದು ಅಂತ ಗೊತ್ತು ಕಣಪ್ಪ. ಯಾವತ್ತು ಉಳ್ತೀಯೋ ಹೇಳು, ಅವತ್ತು ಹಗ್ಗ ಬಿಚ್ತೀನಿ."

ಕದಿರೇಶ ಮನೆಯ ಕಿರಿಯ ಮಗ. ಎರಡನೇ ಮಹಾಯುದ್ಧದ ಕಾಲದಲ್ಲಿ ಮೂರು ವರ್ಷ ಮಿಲಿಟ್ರಿ ವರ್ಕ್‌ಶಾಪಿನಲ್ಲಿ ಲಾರಿ ಬಿಚ್ಚಿ ಕಟ್ಟಿದವನು. ಯುದ್ಧ ಮುಗಿದು ಊರಿಗೆ ಬಂದ ಮೇಲೆ ನೇಗಿಲ ಹಿಂದೆ ನಡೆಯಲು ಅವನ ಕಾಲು ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಮಿಲಿಟ್ರಿ ಸಾಮಾನು ಹರಾಜು ಹಾಕುತ್ತಾರೆಂದು ಕೇಳಿ ಹೋದ. ಸೀಮೆಎಣ್ಣೆಯಲ್ಲಿ ಓಡುವ ಹಳೇ ಟ್ರಾಕ್ಟರೊಂದನ್ನು ಕಂಡ. ಕೈಯಲ್ಲಿದ್ದ ದುಡ್ಡು ಸಾಲದೆ ಬರಿಗೈಲಿ ಬಂದು ಮೂರು ದಿವಸ ಸರಿಯಾಗಿ ಉಣ್ಣಲಿಲ್ಲ. ಆಗ ಯಾರೂ ಎಣಿಸದ ಕೆಲಸ ಮಾಡಿದವರು ಕೋದಂಡರಾಮಪ್ಪನವರು. ತಮ್ಮ ಗಾಡಿಯ ಜೋಡೆತ್ತನ್ನು ಮಾರಿ ಮಗನ ಕೈಗೆ ಕೊಟ್ಟರು.

ಮಾರಿದ್ದು ಸಾಮಾನ್ಯ ಎತ್ತಲ್ಲ. ಮೂವತ್ತು ವರ್ಷ ಗೌನಿಪಲ್ಲಿಯ ಮಾವಿನಕಾಯನ್ನು ಕೋಲಾರಕ್ಕೆ ಸಾಗಿಸಿದ ಗಾಡಿಯವರು ಅವರು. ಶ್ರೀನಿವಾಸಪುರದ ರಸ್ತೆಯಲ್ಲಿ ಅವರ ಗಾಡಿ ಬಂದರೆ ಸದ್ದು ಕೇಳುತ್ತಿರಲಿಲ್ಲವಂತೆ, ಎತ್ತಿನ ಗೆಜ್ಜೆ ಮಾತ್ರ ಕೇಳುತ್ತಿತ್ತಂತೆ. "ನನ್ನ ಗಾಡಿ ಒಂದಿನ ಕಿರ್ ಅಂದಿಲ್ಲ ಕಣ್ರಲಾ," ಎಂದು ಅವರು ಎದುರು ಸಿಕ್ಕಿದವರಿಗೆಲ್ಲ ಹೇಳುವರು. ಅದಕ್ಕೆ ಕಾರಣ ಗಾಡಿಯ ಕೆಳಗೆ ತೂಗಾಡುವ ಬಿದಿರಿನ ಗೊಟ್ಟ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಅವರೇ ಮಾಡುತ್ತಿದ್ದ ಕೀಲೆಣ್ಣೆ ಅದರಲ್ಲಿ ಸದಾ ತುಂಬಿರುತ್ತಿತ್ತು. ಬಿಚ್ಚಿದ ಗಾಲಿಯನ್ನು ಮತ್ತೆ ಅಚ್ಚಿಗೆ ಏರಿಸುವ ಮುಂಚೆ ಅದರ ನಡುವಿನ ಗುಂಬದ ತೂತಿಗೆ ಎಣ್ಣೆ ಹುಯ್ಯದೆ ಅವರು ಬಿಟ್ಟವರಲ್ಲ. ಲಾರಿಗಳು ಬಂದು ಗಾಡಿ ಮೂಲೆ ಸೇರಿ ಐದು ವರ್ಷವಾದರೂ ಗೊಟ್ಟದಲ್ಲಿ ಎಣ್ಣೆ ಮಾತ್ರ ಒಣಗಿರಲಿಲ್ಲ.

ಹಿರಿಯ ಮಗ ಶ್ರೀರಾಮಪ್ಪ ಎತ್ತು ಮಾರಿದ ದಿವಸವೇ ಜಗಳ ಆಡಿದ್ದ. "ಉಳಿದಿರೋದು ಒಂದು ಜೋಡಿ. ಹದಿನಾಲ್ಕು ಎಕರೆ. ಆ ಕಬ್ಬಿಣ ಕೈ ಕೊಟ್ರೆ ರಾಗಿ ಎಲ್ಲಿ ಬಿತ್ತೋದು, ನಿನ್ನ ತಲೆ ಮೇಲಾ?" ಎಂದು ತಮ್ಮನನ್ನು ಕೇಳಿದ್ದ.

ಕಬ್ಬಿಣ ಕೈ ಕೊಟ್ಟಿತು. ಒಂಬತ್ತು ದಿವಸ ಉತ್ತು ಹತ್ತನೇ ದಿವಸ ಕೆರೆ ಕೆಳಗಿನ ಹೊಲದಲ್ಲಿ ಬುಸ್ಸೆಂದು ಹಬೆ ಬಿಟ್ಟು ನಿಂತಿತು. ಉಳಿದ ಜೋಡಿಯನ್ನೇ ಕಟ್ಟಿ, ಎಂಟು ಜನ ಹಿಂದಿನಿಂದ ನೂಕಿ ಅದನ್ನು ಮನೆಗೆ ಎಳೆದು ತರಬೇಕಾಯಿತು. ದಾರಿಯುದ್ದಕ್ಕೂ ಶ್ರೀರಾಮಪ್ಪ ಎತ್ತಿನ ಮುಂದೆ ನಡೆದ. ತಿರುಗಿ ನೋಡಲಿಲ್ಲ.

ಕೆಟ್ಟಿದ್ದು ಒಂದು ಸ್ಟಡ್ಡು. ಇಂಜಿನ್ನಿನ ತಲೆಯನ್ನು ಅದರ ಮೈಗೆ ಬಿಗಿದು ಹಿಡಿಯುವ ಗೇಣುದ್ದದ ಕಬ್ಬಿಣದ ಕಡ್ಡಿ ಅದು. ಕೆಳತುದಿ ಮೈಯೊಳಗಿನ ತೂತಿಗೆ ಸುತ್ತಿಕೊಂಡು ಕೂರುತ್ತದೆ, ಮೇಲ್ತುದಿಗೆ ನಟ್ಟು ಬೀಳುತ್ತದೆ. ಅಂಥ ಹತ್ತರಲ್ಲಿ ಮೂಲೆಯ ಒಂದರ ತೂತಿನಲ್ಲಿ ಸುರುಳಿ ಗೆರೆ, ಅಂದರೆ ತ್ರೆಡ್ಡು, ಸವೆದು ನುಣ್ಣಗಾಗಿತ್ತು. ನಟ್ಟು ಬಿಗಿದಷ್ಟೂ ಕಡ್ಡಿ ಮೇಲೆ ಎದ್ದು ಬರುತ್ತಿತ್ತು, ಸಂದಿಯಲ್ಲಿ ನೀರು ಚಿಮ್ಮುತ್ತಿತ್ತು.

ಕದಿರೇಶ ಚಿನ್ನದ ಗಣಿಯ ಊರಿಗೆ ಹೋಗಿ ಆರೋಗ್ಯಸ್ವಾಮಿ ಎಂಬ ಮೇಸ್ತ್ರಿಯನ್ನು ಹಿಡಿದ. ಗಣಿಯಲ್ಲಿ ಫಿಟ್ಟರಾಗಿದ್ದು ರಿಟೈರಾಗಿ ಮನೆಯಲ್ಲೇ ಸಣ್ಣ ಲೇತು ಇಟ್ಟುಕೊಂಡಿದ್ದ ಮುದುಕ. ಸವೆದ ತೂತನ್ನು ಕೊರೆದು ದೊಡ್ಡದು ಮಾಡಿ, ಹೊಸ ತ್ರೆಡ್ಡು ಕೊಯ್ದು, ಅದಕ್ಕೆ ಕೆಳಗೆ ದಪ್ಪ ಮೇಲೆ ಸಣ್ಣ ಇರುವ ಸ್ಟಡ್ಡು ಕೂರಿಸಬೇಕೆಂದ. ಸ್ಟಡ್ಡನ್ನು ಮಾಡಿಕೊಟ್ಟ, ಕೊರೆಯುವ ಕೈಯಂತ್ರವನ್ನೂ ಎರವಲು ಕೊಟ್ಟ. ಕೊಡುವಾಗ ಒಂದು ಮಾತು ಹೇಳಿದ.

"ತೂತು ಒಣಗಿರಬೇಕು ತಂಬಿ. ತಳ ಮುಚ್ಚಿರೋ ತೂತು ಅದು. ನೀರಿರಲಿ, ಎಣ್ಣೆ ಇರಲಿ, ಒಳಗೆ ಸಿಕ್ಕೊಂಡ್ರೆ ಆಚೆ ಹೋಗೋಕೆ ದಾರಿ ಇಲ್ಲ. ಬಟ್ಟೆ ಹಾಕಿ ಒರೆಸಿ ಒಣಗಿಸ್ಕೊಂಡು ಆಮೇಲೆ ತಿರುಗಿಸು."

ಕದಿರೇಶ ತಲೆಯಾಡಿಸಿದ. ಮಿಲಿಟ್ರಿಯಲ್ಲಿ ಕಲಿತ ಮಾತೇ ಅದು. ಮನೆಗೆ ಬಂದು ಆ ಮಾತನ್ನು ಯಾರಿಗೂ ಹೇಳಲಿಲ್ಲ. ಯಾಕೆ ಹೇಳಬೇಕು? ಆ ಮನೆಯಲ್ಲಿ ಸ್ಟಡ್ಡು ಮುಟ್ಟುವವನು ಅವನೊಬ್ಬನೇ ಅಲ್ಲವೇ?

ಅಪ್ಪನಿಗೆ ಕುತೂಹಲ. ಮಗ ತೂತು ಕೊರೆಯುವಾಗ ಮಣೆ ಹಾಕಿಕೊಂಡು ಪಕ್ಕದಲ್ಲೇ ಕೂತರು.

"ಲೇ ಕದಿರಾ, ಇದು ಏನಕ್ಕೆ?"

"ಇರು ನಾಯ್ನಾ."

"ಆ ಕಡ್ಡಿ ಇದಕ್ಕೆ ಹೋಗ್ತದಾ?"

"ಹೋಗ್ತದೆ."

"ಬಿಗಿ ಬರ್ತದಲ್ಲ?"

"ನಾಯ್ನಾ, ಬೆಳಕು ಬಿಡು ಸ್ವಲ್ಪ."

ಕೋದಂಡರಾಮಪ್ಪನವರು ಸರಿದು ಬೆಳಕು ಬಿಟ್ಟರು. ಎತ್ತು ಕೊಟ್ಟವನು ನಾನು, ಕೈಗೆ ಒಂದು ಕೆಲಸ ಕೊಡುವುದಿಲ್ಲವಲ್ಲ ಇವನು ಎಂದು ಅವರಿಗೆ ಬೇಜಾರಾಯಿತು.

ಹಿಂದಿನ ದಿವಸವೇ ಊಟಕ್ಕೆ ಕೂತಾಗ ಅಣ್ಣತಮ್ಮಂದಿರಿಗೆ ಮಾತು ಬೆಳೆದಿತ್ತು. ಮಳೆಯ ಮೋಡ ದಿನಾ ಕುರುಡುಮಲೆಯ ಕಡೆಯಿಂದ ಬಂದು ಹೆದರಿಸಿ ಹೋಗುತ್ತಿತ್ತು. ಶ್ರೀರಾಮಪ್ಪ ಇದ್ದ ಒಂದು ಜೋಡಿಯಲ್ಲಿ ಬೆಳಗಿನಿಂದ ಉತ್ತು ಬಂದು, ಕೈ ತೊಳೆಯುವಾಗಲೇ ಗೊಣಗುತ್ತಿದ್ದ.

"ನಾಳೆ ಕೂರಿಸ್ತೀನಿ ಅಂತಾನೆ. ಹೋದ ವಾರಾನೂ ನಾಳೆ ಅಂದಿದ್ದ."

"ನಾಳೆ ಅಂದ್ರೆ ನಾಳೆ," ಎಂದ ಕದಿರೇಶ.

"ನಮ್ಮ ಪುಣ್ಯಕ್ಕೆ ಅದು ಪೂರಾ ಒಡೆದು ಹೋದ್ರೆ ಸಾಕು. ಗುಜರಿಯವನಿಗೆ ಹಾಕಿ ಒಂದು ಜೋಡಿ ಹೋರಿ ಕರು ತರ್ತೀನಿ."

"ಬಾಯಿಗೆ ಬಂದಂಗೆ ಮಾತಾಡ್ಬೇಡ ಅಣ್ಣ."

"ಬಾಯಿಗೆ ಬಂದಂಗಲ್ಲ. ಕೈಗೆ ಬಂದಂಗೆ ಮಾಡಿದವನು ನೀನು."

ತಾಯಿ ದೊಡ್ಡಗಂಗಮ್ಮ ಸೌಟಿನಿಂದ ಸಾರಿನ ಮಡಕೆಯ ಅಂಚಿಗೆ ಬಡಿದರು. "ಉಣ್ಣೋವಾಗ ಒಡೆಯೋದು ಬಡಿಯೋದು ಬೇಡ. ಈ ಹಾಳು ಟ್ರಾಕ್ಟ್ರು ಹೊಲ ಉಳುತ್ತೋ ಇಲ್ವೋ, ನನ್ನ ಮನೇನ ಮಾತ್ರ ಎರಡು ಹೋಳು ಮಾಡುತ್ತೆ," ಎಂದರು. ಅವರಿಗೆ ಇದ್ದ ಭಯ ಅದೊಂದೇ. ಅವರ ನಾದಿನಿಯ ಮನೆಯಲ್ಲಿ ಒಂದು ಮಾವಿನ ಮರಕ್ಕೆ ಜಗಳವಾಗಿ ಈಗ ಒಂದೇ ಸೂರಿನಡಿ ಮೂರು ಒಲೆ ಉರಿಯುತ್ತಿದ್ದವು.

ತೂತು ಕೊರೆದ ದಿವಸ ಮಧ್ಯಾಹ್ನದ ಹೊತ್ತಿಗೆ ಕದಿರೇಶ ಹೊಸ ತ್ರೆಡ್ಡು ಕೊಯ್ದು ಮುಗಿಸಿದ. ಕಬ್ಬಿಣದ ತುರಿಯನ್ನೆಲ್ಲ ತೆಗೆದು, ಕಡ್ಡಿಗೆ ಬಟ್ಟೆ ಸುತ್ತಿ ತೂತನ್ನು ಒರೆಸಿದ. ಬಟ್ಟೆ ಬಿಳಿಯಾಗಿ ಬರುವ ತನಕ ಒರೆಸಿದ. ಧೂಳು ಬೀಳದಿರಲೆಂದು ತೂತಿನ ಮೇಲೆ ಆ ಬಟ್ಟೆಯನ್ನೇ ಮುಚ್ಚಿ ಊಟಕ್ಕೆ ಹೋದ. ಒಳಗೆ ಮುದ್ದೆ, ಹುರುಳಿ ಬಸ್ಸಾರು.

ಕೋದಂಡರಾಮಪ್ಪನವರು ಮುಂಚೆಯೇ ಉಂಡಿದ್ದರು. ಬಟ್ಟೆ ಎತ್ತಿ ತೂತಿನೊಳಗೆ ಬೆರಳು ಹಾಕಿ ನೋಡಿದರು. ಒಣ ಒಣ.

"ಅಯ್ಯೋ ನಿನ್ನ, ಒಣಗಿದ ತೂತಿಗೆ ಕಬ್ಬಿಣ ಹಾಕ್ತಾನಲ್ಲ," ಎಂದುಕೊಂಡರು. "ಮಿಲಿಟ್ರಿಯೋರು ಎಲ್ಲಾ ಕಲಿಸಿ ಇದೊಂದು ಕಲಿಸ್ಲಿಲ್ಲ."

ಗಾಡಿಯ ಕೆಳಗಿಂದ ಗೊಟ್ಟ ಬಿಚ್ಚಿ ತಂದರು. ಒಳಗಿದ್ದ ಕಡ್ಡಿಯಲ್ಲಿ ಎಣ್ಣೆಯನ್ನು ಕದಡಿ, ಒಂದು ಹನಿಯೂ ಆಚೆ ಬೀಳದಂತೆ ತೂತಿನ ಅರ್ಧದವರೆಗೂ ಹುಯ್ದರು. ಅಂಚನ್ನು ಹೆಬ್ಬೆರಳಿನಿಂದ ಒರೆಸಿ ಬೆರಳನ್ನು ಗಾಡಿಯ ಗಾಲಿಗೆ ಸವರಿದರು. ಬಟ್ಟೆಯನ್ನು ಇದ್ದ ಹಾಗೇ ಮುಚ್ಚಿದರು. ಐದು ವರ್ಷದಲ್ಲಿ ಅಷ್ಟು ಖುಷಿಯಾಗಿ ಅವರು ಯಾವ ಕೆಲಸವನ್ನೂ ಮಾಡಿರಲಿಲ್ಲ. ಮಗನಿಗೆ ಹೇಳಬೇಕೆನಿಸಿತು, ಹೇಳಿದರೆ 'ಇರು ನಾಯ್ನಾ' ಅನ್ನುತ್ತಾನೆಂದು ಸುಮ್ಮನೆ ಹೆಗಲಿಗೆ ಟವೆಲು ಹಾಕಿಕೊಂಡರು. ಗೌನಿಪಲ್ಲಿಯ ಬಾವಮೈದುನನ ಮನೆಯಲ್ಲಿ ಮಾವಿನಕಾಯಿ ಇಳಿಸುತ್ತಿದ್ದರು. ಕಾಯಿ ವಿಂಗಡಿಸಲು ಇವರನ್ನು ಕರೆದಿದ್ದರು. ಮಧ್ಯಾಹ್ನದ ಬಸ್ಸಿಗೆ ಹೊರಟೇಬಿಟ್ಟರು.

ದನದ ಕೊಟ್ಟಿಗೆಯ ಹತ್ತಿರ ಕೈ ತೊಳೆಯುತ್ತಿದ್ದ ಶ್ರೀರಾಮಪ್ಪ ಇದನ್ನೆಲ್ಲ ಕಂಡ. ಗಾಡಿಗೆ ಎಣ್ಣೆ, ಟ್ರಾಕ್ಟರಿಗೂ ಎಣ್ಣೆ, ಅವನಿಗೇನು ಗೊತ್ತು? ಮುದುಕ ಆಟ ಆಡಲಿ ಎಂದು ನಕ್ಕು ಒಳಗೆ ಹೋದ.

ಕದಿರೇಶ ಉಂಡು ಬಂದು ಬಟ್ಟೆ ತೆಗೆದ; ತಾನೇ ಒರೆಸಿದ್ದೆಂದು ಒಳಗೆ ಇಣುಕದೆ ಸ್ಟಡ್ಡನ್ನು ತೂತಿಗೆ ಇಟ್ಟು ಕೈಯಲ್ಲೇ ತಿರುಗಿಸಿದ. ಆಮೇಲೆ ಸ್ಪ್ಯಾನರು ಹಾಕಿದ. ಬಿಗಿ ಬಂತು. ಹೊಸ ತ್ರೆಡ್ಡು, ಬಿಗಿ ಇರಲೇಬೇಕು ಎಂದು ಸ್ಪ್ಯಾನರಿನ ಬಾಲಕ್ಕೆ ಕೊಳವೆ ಸಿಕ್ಕಿಸಿ ಎರಡೂ ಕೈಲಿ ಎಳೆದ. ಟಪ್ ಅಂತ ಸದ್ದಾಯಿತು. ಒಣಗಿದ ಹುಣಸೆ ಕಡ್ಡಿ ಮುರಿದ ಹಾಗೆ, ಅಷ್ಟೇ. ಕದಿರೇಶ ಸ್ಪ್ಯಾನರು ಬಿಟ್ಟು ಬಗ್ಗಿ ನೋಡಿದ. ತೂತಿನಿಂದ ಹೊರಗೋಡೆಯವರೆಗೆ ಇಂಜಿನ್ನಿನ ಮೈ ಬಿರುಕು ಬಿಟ್ಟಿತ್ತು.

ಅವನು ಆ ಸಂಜೆ ಉಣ್ಣಲಿಲ್ಲ. ಮಾರನೆಯ ದಿವಸ ಮೊದಲ ಬಸ್ಸಿಗೆ ಹೋಗಿ ಮೇಸ್ತ್ರಿಯನ್ನು ಕರೆದುಕೊಂಡೇ ಬಂದ. "ಜಾಸ್ತಿ ಎಳೆದುಬಿಟ್ಟೆ ಮೇಸ್ತ್ರಿ, ನಂದೇ ತಪ್ಪು," ಎಂದು ದಾರಿಯುದ್ದಕ್ಕೂ ಹೇಳಿಕೊಂಡ. ಮೇಸ್ತ್ರಿ ಸ್ಟಡ್ಡು ಬಿಚ್ಚಿದ. ಅದರ ತುದಿಯಿಂದ ಕಪ್ಪಗೆ ಏನೋ ತೊಟ್ಟಿಕ್ಕಿತು. ಬೆರಳಿಗೆ ಹಚ್ಚಿ ಮೂಸಿ ನೋಡಿದ.

"ಎಣ್ಣೆ. ತಳದಲ್ಲಿ ಎಣ್ಣೆ ಇಟ್ಕೊಂಡು ತಿರುಗಿಸಿದೀಯ. ಎಣ್ಣೆ ಎಲ್ಲಿಗೆ ಹೋಗಬೇಕು? ಮೈ ಒಡ್ಕೊಂಡು ಬಂತು. ಒಣಗಿಸು ಅಂದಿರಲಿಲ್ವಾ ನಾನು?"

"ಒಣಗಿಸಿದ್ದೆ! ದೇವರಾಣೆ ಒಣಗಿಸಿದ್ದೆ!" ಕದಿರೇಶ ಎದ್ದು ನಿಂತ. ಕಪ್ಪು ಎಣ್ಣೆ, ಹುಲ್ಲಿನ ಕರಿ, ಹರಳೆಣ್ಣೆಯ ವಾಸನೆ. "ಇದು ಗಾಡಿ ಎಣ್ಣೆ. ಯಾರು ಹುಯ್ದಿದ್ದು? ಯಾರು ಹುಯ್ದಿದ್ದು ಇದನ್ನ?"

ಅಂಗಳದಲ್ಲಿ ಇದ್ದವರು ನಾಲ್ಕೇ ಜನ. ಮೇಸ್ತ್ರಿ, ಕದಿರೇಶ, ಎತ್ತಿಗೆ ನೊಗ ಕಟ್ಟುತ್ತಿದ್ದ ಶ್ರೀರಾಮಪ್ಪ, ರಾಗಿ ಕೇರುತ್ತಿದ್ದ ವೆಂಕಟರತ್ನಮ್ಮ. ಶ್ರೀರಾಮಪ್ಪನಿಗೆ ಅಪ್ಪ ಗೊಟ್ಟ ಹಿಡಿದು ಬಗ್ಗಿದ್ದು ಕಣ್ಣಿಗೆ ಕಟ್ಟಿತು. ಎತ್ತು ಮಾರಿದ ಕೈಯಲ್ಲೇ ಆ ಮುದುಕ ಟ್ರಾಕ್ಟರನ್ನೂ ಒಡೆದ ಎಂದು ಊರು ಆಡಿಕೊಳ್ಳುತ್ತದೆ. ಕೀಲೆಣ್ಣೆಯೊಂದೇ ಉಳಿದಿತ್ತು ಅವರಿಗೆ ಜಂಬ ಪಡಲು.

"ನಾನು," ಎಂದ ಶ್ರೀರಾಮಪ್ಪ. "ನಾನೇ ಹುಯ್ದೆ. ಒಳ್ಳೇದಾಗುತ್ತೆ ಅಂತ. ಒಡೆಯುತ್ತೆ ಅಂತ ಗೊತ್ತಿರಲಿಲ್ಲ."

ಕದಿರೇಶ ಅಣ್ಣನ ಮುಖವನ್ನೇ ನೋಡಿದ. "ಗೊತ್ತಿರಲಿಲ್ಲ? ಪೂರಾ ಒಡೆದು ಹೋಗ್ಲಿ ಅಂತ ಮೊನ್ನೆ ಮುದ್ದೆ ಮುಂದೆ ಕೂತು ಹೇಳಿದ್ದು ಯಾರು?"

"ಬಾಯಲ್ಲಿ ಅಂದೆ ಕಣೋ."

"ಬಾಯಲ್ಲಿ ಅಂದೆ, ಕೈಯಲ್ಲಿ ಮಾಡ್ದೆ. ಇನ್ಮೇಲೆ ನನ್ನ ಹತ್ರ ಮಾತಾಡ್ಬೇಡ."

ಮೇಸ್ತ್ರಿ ನಡುವೆ ಬಾಯಿ ಹಾಕದೆ ಬಿರುಕನ್ನು ಅಳೆದ. ಉದ್ದಕ್ಕೂ ಒತ್ತೊತ್ತಾಗಿ ತೂತು ಕೊರೆದು ತಾಮ್ರದ ಬಿರಟೆ ಬಿಗಿದು ಹೊಲಿಯಬಹುದು, ಕವುದಿಗೆ ಹೊಲಿಗೆ ಹಾಕುವ ಹಾಗೆ ಎಂದ. ಬಿರಟೆ ಮಾಡಬೇಕು, ಬೆಂಗಳೂರಿನಿಂದ ಗ್ಯಾಸ್ಕೆಟ್ ತರಿಸಬೇಕು. ಎರಡು ವಾರ ಬಿಟ್ಟು ಬರುತ್ತೇನೆಂದು ಹೋದ.

ಮೂರನೇ ದಿವಸ ಕೋದಂಡರಾಮಪ್ಪನವರು ಒಂದು ಬುಟ್ಟಿ ಮಾವಿನಹಣ್ಣು ಹೊತ್ತು ಬಂದರು. ಬಸ್ಸಿಳಿದು ಮನೆ ಸೇರುವುದರೊಳಗೆ ಊರಿನವರು ಅರ್ಧ ಹೇಳಿದ್ದರು. ಉಳಿದರ್ಧವನ್ನು ಕದಿರೇಶ ಹೇಳಿದ.

"ಅಣ್ಣನ್ನೇ ಕೇಳು. ತೂತಿಗೆ ಹಾಕಬಾರದ್ದು ಹಾಕಿ ಒಡೆಸ್ದ. ಅವನೇ ಒಪ್ಕೊಂಡಿದಾನೆ." ಇಷ್ಟು ಹೇಳಿ ಧಡಧಡ ಹಿತ್ತಿಲಿಗೆ ಹೋದ.

"ಹೌದಾ ಶ್ರೀರಾಮಾ?"

"ಹೌದು ನಾಯ್ನಾ."

"ಏನ್ಲಾ ಹಾಕ್ದೆ?"

"ಏನೋ ಹಾಕ್ದೆ. ಆಗೋದು ಆಗೋಯ್ತು, ಬಿಡು."

ಕೋದಂಡರಾಮಪ್ಪನವರಿಗೆ ಕೇಳಬೇಕಾದ್ದು ಕೇಳಿದ ಹಾಗಾಯಿತು. ಮರಳೋ ಮಣ್ಣೋ ಹಾಕಿದ್ದಾನೆ, ಇನ್ನೇನು ಹಾಕುತ್ತಾರೆ ಕೆಡಿಸುವವರು? ಮಾವಿನ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದರು. "ನನ್ನ ಎತ್ತು ಮಾರಿ ತಂದ ಇಂಜಿನ್ನಿಗೆ ಮಣ್ಣು ಹಾಕಿದೆಯಾ? ಒಡಹುಟ್ಟಿದವನ ಬಾಯಿಗೆ ಮಣ್ಣು ಹಾಕಿದೆಯಾ? ಮನೆ ಕೆಡಿಸೋನು ಮನೆಯೊಳಗೆ ಕೂತು ಉಣ್ಣೋದು ಬೇಡ. ಇವತ್ತಿಂದ ಇವನ ತಟ್ಟೆ ಜಗಲಿಗೆ."

ಶ್ರೀರಾಮಪ್ಪ ಉರುಳಿದ ಹಣ್ಣುಗಳನ್ನು ಆರಿಸಿ ಬುಟ್ಟಿಗೆ ತುಂಬಿದ. ಅವನು ಎಣಿಸಿದ್ದು ಎರಡು ದಿವಸದ ಬೈಗುಳ. ಆದರೆ ಬೈಗುಳ ತಟ್ಟೆಯವರೆಗೆ ಬರುತ್ತದೆಂದು ಅವನು ಎಣಿಸಿರಲಿಲ್ಲ. ಬಂದ ಮೇಲೆ ಹಿಂದಕ್ಕೆ ಹೋಗುವ ದಾರಿ ಕಾಣಲಿಲ್ಲ.

ವೆಂಕಟರತ್ನಮ್ಮ ಎರಡು ದಿವಸ ಜಗಲಿಗೆ ಮುದ್ದೆ ತಂದಿಟ್ಟಳು, ಮೂರನೆಯ ದಿವಸ ಹೊಲಕ್ಕೆ ಬುತ್ತಿ ತಂದಾಗ ಗಂಡನನ್ನು ಹಿಡಿದು ನಿಲ್ಲಿಸಿದಳು.

"ನೀನು ಹುಯ್ದಿಲ್ಲ."

"ಹುಯ್ದೆ."

"ಹತ್ತು ವರ್ಷದಲ್ಲಿ ನೀನು ಒಂದಿನ ಆ ಗೊಟ್ಟ ಮುಟ್ಟಿದ್ದು ನಾನು ಕಂಡಿಲ್ಲ. ಮಾವ ಮುಟ್ಟೋಕೆ ಬಿಟ್ಟವರೇ ಅಲ್ಲ. ಅವತ್ತು ಬಸ್ಸಿಗೆ ಹೋಗೋವಾಗ ಅವರ ಹೆಬ್ಬೆರಳು ಕಪ್ಪಗಿತ್ತು."

ಶ್ರೀರಾಮಪ್ಪ ಮುದ್ದೆ ಮುರಿಯುತ್ತ ತಲೆ ತಗ್ಗಿಸಿದ. "ಗೊತ್ತಾಯ್ತಲ್ಲ, ಸುಮ್ನಿರು."

"ಯಾಕೆ ಸುಮ್ನಿರಬೇಕು? ನಿನ್ನನ್ನ ಭಿಕ್ಷೆಯವನ ಥರ ಆಚೆ ಕೂರಿಸಿದಾರೆ. ನೀನು ಉತ್ತು ಬೆಳೆದ ರಾಗಿ, ನೀನೇ ಜಗಲೀಲಿ ಉಣ್ಣಬೇಕಾ?"

"ಮುದುಕ ಕಣೇ. ಎತ್ತು ಹೋಯ್ತು, ಗಾಡಿ ಹೋಯ್ತು. ಒಡೆದಿದ್ದು ತನ್ನ ಕೈಯಿಂದಾನೇ ಅಂತ ಗೊತ್ತಾದ್ರೆ ಏನಾಗ್ತಾನೋ. ನನ್ನಾಣೆ, ನೀನು ಬಾಯಿ ಬಿಡಬಾರದು."

ಆಣೆ ಇಟ್ಟ ಮೇಲೆ ವೆಂಕಟರತ್ನಮ್ಮ ಬಾಯಿ ಬಿಡಲಿಲ್ಲ. ಅದರ ಬದಲು ಪಾತ್ರೆಗಳು ಮಾತಾಡಿದವು. ಮಡಕೆ ಕುಕ್ಕಿದಳು, ಬಿಂದಿಗೆ ಕುಕ್ಕಿದಳು, ಒರಳಿನಲ್ಲಿ ಖಾರ ರುಬ್ಬುವಾಗ ಗುಂಡನ್ನು ಎತ್ತಿ ಎತ್ತಿ ಹಾಕಿದಳು. ಅತ್ತೆ ಕೇಳಿದರೆ "ಏನಿಲ್ಲ" ಎಂದಳು. ಮಾವ ಜಗಲಿಯ ಕಡೆ ನೋಡಿ "ಅಣ್ಣ ಆಗಿ ಹುಟ್ಟಿದ್ದಕ್ಕೆ ನಾಚಿಕೆ ಇರಬೇಕು" ಎಂದು ಶುರುಮಾಡಿದರೆ, ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಓಡುತ್ತಿದ್ದಳು. ಶ್ರೀರಾಮಪ್ಪನೂ ಆ ದಿವಸಗಳಲ್ಲಿ ಎಣ್ಣೆಯ ಮಾತು ಅಪ್ಪನ ಕಿವಿಗೆ ಬೀಳದಂತೆ ಕಾವಲು ಕಾದ. ಕದಿರೇಶ ಯಾರ ಹತ್ತಿರವೂ ಮಾತಾಡದೆ ಇದ್ದದ್ದು ಅವನಿಗೆ ಅನುಕೂಲವಾಯಿತು.

ಇತ್ತ ಮೋಡ ದಿನಕ್ಕೊಂದು ಬಣ್ಣ ತೋರಿಸುತ್ತಿತ್ತು. ಒಂದು ಹನಿ ಬಿತ್ತು, ನಿಂತಿತು. ಉಳಿದ ಜೋಡಿಯ ಒಂದು ಎತ್ತಿಗೆ ಹೆಗಲು ಬಾತುಕೊಂಡಿತು. ಶ್ರೀರಾಮಪ್ಪ ಅರಿಸಿನ ಹಚ್ಚಿ, ಒಂದು ದಿವಸ ಬಿಟ್ಟು ಮತ್ತೆ ಕಟ್ಟಿದ. ಹದಿನಾಲ್ಕು ಎಕರೆಯಲ್ಲಿ ಐದು ಆಗಿತ್ತು. ದೊಡ್ಡಗಂಗಮ್ಮನವರು ಮುದ್ದೆ ತೊಳಸುವಾಗ ಲೆಕ್ಕ ತಪ್ಪಿ ಒಂದು ದಿವಸ ಹೆಚ್ಚು, ಒಂದು ದಿವಸ ಕಡಿಮೆ ಮಾಡಿದರು. ಒಳಗೆ ಇಬ್ಬರಿಗೆ ಬಡಿಸಿ, ಆಚೆ ಒಬ್ಬನಿಗೆ ಕಳಿಸಿ, ಹೊಸ್ತಿಲಲ್ಲಿ ನಿಂತು ಎರಡೂ ಕಡೆ ನೋಡಿ ತಾವು ಉಣ್ಣದೆ ಏಳುತ್ತಿದ್ದರು.

ಹತ್ತನೇ ದಿವಸ ಕೋದಂಡರಾಮಪ್ಪನವರು ಇನ್ನೊಂದು ಮಾತು ಆಡಿದರು. "ಶುಕ್ರವಾರ ಊರ ಹಿರೀಕರು ನಾಲ್ಕು ಜನಕ್ಕೆ ಹೇಳಿಕಳ್ಸಿದೀನಿ. ಅವನ ಪಾಲು ಅವನಿಗೆ ಕೊಟ್ಟುಬಿಡೋಣ. ಹಿಂದಿನ ಕೊಟ್ಟಿಗೇಲಿ ಒಲೆ ಹಾಕ್ಕೊಳ್ಳಲಿ."

"ಏಮಿ ಮಾಟಲು ಇವಿ!" ಎಂದರು ದೊಡ್ಡಗಂಗಮ್ಮ. ಬಹಳ ದುಃಖವಾದಾಗ ಅವರಿಗೆ ತವರಿನ ತೆಲುಗೇ ಬಾಯಿಗೆ ಬರುವುದು. "ಏನು ಮಾತು ಅಂತ ಆಡ್ತಿದೀಯ? ಅವನು ನಿನ್ನ ಮಗನೋ, ಬೇರೆಯವರ ಮಗನೋ? ಕದಿರಾ, ನೀನಾದ್ರೂ ಹೇಳೋ."

ಕದಿರೇಶ ತಟ್ಟೆ ನೋಡುತ್ತ ಕೂತ. "ನಾನೇನು ಹೇಳ್ಲಿ ಅಮ್ಮ. ಅವನಾಗೇ ಮಾಡ್ಕೊಂಡಿದ್ದು," ಎಂದ. ಅಂದಮೇಲೆ ಮುದ್ದೆಯನ್ನು ತಟ್ಟೆಯ ಅಂಚಿಗೆ ಸರಿಸಿದ. ನೀರು ಕುಡಿದ.

ಜಗಲಿಯ ಮೇಲೆ ಶ್ರೀರಾಮಪ್ಪನಿಗೆ ಎಲ್ಲವೂ ಕೇಳಿಸಿತು. ಅವತ್ತು ಅವನಿಗೆ ಅಳು ಬಂತು. ಬೇರೆ ಒಲೆಯ ಮಾತು ಅವನು ತನ್ನ ಬಾಯಲ್ಲಿ ಎಂದೂ ಆಡಿದವನಲ್ಲ. ಒಳಗೆ ಹೋಗಿ ಎಲ್ಲವನ್ನೂ ಹೇಳಿಬಿಡಲೇ ಎಂದು ಎದ್ದ. ಅಪ್ಪ ಕೈ ತೊಳೆಯಲು ಆಚೆ ಬಂದರು, ಮಗನ ಪಕ್ಕದಲ್ಲೇ ಹಾದುಹೋಗಿ ಗಾಡಿಯ ಹತ್ತಿರ ನಿಂತು ಗೊಟ್ಟವನ್ನು ಒರೆಸಿದರು. ಶ್ರೀರಾಮಪ್ಪ ಮತ್ತೆ ಕೂತ.

ಮೇಸ್ತ್ರಿ ಬುಧವಾರ ಬಂದು ಎರಡು ದಿವಸ ಕೂತು ಬಿರುಕನ್ನು ಹೊಲಿದ. ತಾಮ್ರದ ಬಿರಟೆಗಳನ್ನು ಒಂದರ ಮಗ್ಗುಲಿಗೆ ಒಂದು ಬಿಗಿದು, ತಲೆ ತಟ್ಟಿ ಸಮ ಮಾಡಿದ. ಶುಕ್ರವಾರ ಬೆಳಗ್ಗೆ ಸ್ಟಡ್ಡು ಕೂರಿಸುವುದು. ಮಧ್ಯಾಹ್ನ ಹಿರಿಯರು ಬರುವುದು. ಮನೆಯ ಎರಡು ಕೆಲಸವೂ ಒಂದೇ ದಿವಸಕ್ಕೆ ಬಿದ್ದಿತ್ತು.

ಅವತ್ತು ಎಲ್ಲರೂ ಅಂಗಳದಲ್ಲಿದ್ದರು. ದೊಡ್ಡಗಂಗಮ್ಮನವರು ಬಾಗಿಲಲ್ಲಿ, ವೆಂಕಟರತ್ನಮ್ಮ ತೊಲೆಗೆ ಒರಗಿ, ಶ್ರೀರಾಮಪ್ಪ ದೂರದಲ್ಲಿ ಎತ್ತಿನ ಹತ್ತಿರ. ಕದಿರೇಶ ತೂತನ್ನು ಮೂರು ಸಲ ಒರೆಸಿದ. ಮೇಸ್ತ್ರಿ ಇಣುಕಿ ನೋಡಿ "ಸರಿ" ಎಂದ. ಕದಿರೇಶ ಸ್ಟಡ್ಡು ಎತ್ತಿಕೊಂಡ.

"ತಡಿ," ಎಂದರು ಕೋದಂಡರಾಮಪ್ಪನವರು.

ಗಾಡಿಯ ಕೆಳಗಿಂದ ಗೊಟ್ಟ ಬಿಚ್ಚಿಕೊಂಡು ಬಂದರು. ಪೇಟ ಸುತ್ತಿದ್ದರು, ಮುಖದಲ್ಲಿ ಗೆಲುವಿತ್ತು.

"ಹೋದ ಸಲ ನಾನು ಸರಿಯಾಗಿ ಎಣ್ಣೆ ಹುಯ್ದಿಟ್ಟು ಹೋದ್ರೂ ಆಮೇಲೆ ಇವನು ಮಣ್ಣು ಹಾಕಿ ಕೆಡಿಸ್ದ. ಈ ಸಲ ಎಲ್ಲಾರ ಕಣ್ಣೆದುರಿಗೇ ಹುಯ್ತೀನಿ. ಯಾರು ಕೈ ಹಾಕ್ತಾರೋ ನೋಡೇಬಿಡೋಣ."

ಮೇಸ್ತ್ರಿ ಎರಡೂ ಅಂಗೈಯಿಂದ ತೂತು ಮುಚ್ಚಿದ. "ಅಯ್ಯಯ್ಯೋ ಯಜಮಾನ್ರೇ, ಬೇಡ! ಹೋದ ಸಲ ಒಡೆದಿದ್ದೇ ಆ ಎಣ್ಣೆಯಿಂದ ಅಲ್ವಾ!"

"ಮೇಸ್ತ್ರಿ, ಸುಮ್ನಿರಿ!" ಎಂದು ಶ್ರೀರಾಮಪ್ಪ ಕೂಗಿಕೊಂಡು ಓಡಿಬಂದ. ಓಡಿಬಂದದ್ದೇ ಎಲ್ಲವನ್ನೂ ಹೇಳಿತು.

ಕದಿರೇಶನ ಕೈಲಿದ್ದ ಸ್ಟಡ್ಡು ಹಾಗೇ ನಿಂತಿತು. ಅವನು ಗೊಟ್ಟ ನೋಡಿದ, ಅಪ್ಪನನ್ನು ನೋಡಿದ, ಅಣ್ಣನನ್ನು ನೋಡಿದ.

"ಯಾವ ಎಣ್ಣೆ?" ಎಂದರು ಕೋದಂಡರಾಮಪ್ಪನವರು. "ಶ್ರೀರಾಮಾ, ನೀನು ತೂತಿಗೆ ಏನು ಹಾಕ್ದೆ?"

"ನಾಯ್ನಾ..."

"ಕೇಳ್ತಾ ಇದೀನಿ ನಾನು."

"ಅವರು ಏನೂ ಹಾಕ್ಲಿಲ್ಲ ಮಾವ," ಎಂದಳು ವೆಂಕಟರತ್ನಮ್ಮ. ಇಷ್ಟು ದಿವಸ ಹಿಡಿದಿದ್ದ ಮಾತು ಒಟ್ಟಿಗೇ ಬಂತು. "ಮಣ್ಣೂ ಇಲ್ಲ, ಮರಳೂ ಇಲ್ಲ. ಒಳಗಿದ್ದಿದ್ದು ನಿಮ್ಮ ಎಣ್ಣೆ ಒಂದೇ. ನಿಮ್ಮ ಹೆಸರು ಆಡ್ಕೋಬಾರ್ದು ಅಂತ ಅವರೇ ಹೊತ್ಕೊಂಡ್ರು. ನನಗೆ ಆಣೆ ಇಟ್ಟಿದ್ರು. ಆಣೆ ಮುರಿದ ಪಾಪ ನನಗೇ ಬರ್ಲಿ, ಇನ್ನು ತಡೆಯೋಕಾಗಲ್ಲ."

ಕೋದಂಡರಾಮಪ್ಪನವರು ಗೊಟ್ಟದ ಬಾಯಿ ನೋಡಿದರು. ಅದರ ಅಂಚಿನಲ್ಲಿ ಕಪ್ಪು ಎಣ್ಣೆ ಹೊಳೆಯುತ್ತಿತ್ತು. ನೋಡುತ್ತ ನೋಡುತ್ತ ಅವರು ಹತ್ತು ವರ್ಷ ಮುದುಕರಾದರು. ಗೊಟ್ಟವನ್ನು ನೆಲದ ಮೇಲೆ ಇಟ್ಟರು. ಅದು ಉರುಳಿ ಎಣ್ಣೆ ಮಣ್ಣಿಗೆ ಹರಿಯಿತು. ಯಾರೂ ಎತ್ತಲಿಲ್ಲ.

"ಯಾಕಣ್ಣ?" ಎಂದ ಕದಿರೇಶ.

"ಎರಡು ದಿವಸ ಬೈತೀಯ, ಆಮೇಲೆ ಸುಮ್ಮನಾಗ್ತೀಯ ಅನ್ಕೊಂಡೆ ಕಣೋ."

"ನಾನು ನಾಯ್ನನಿಗೆ ಹೇಳಬೇಕಿತ್ತು," ಎಂದ ಕದಿರೇಶ. "ತೂತು ಒಣಗಿರಬೇಕು ಅಂತ ಮೇಸ್ತ್ರಿ ಹೇಳಿದ್ದು ನನಗೆ. ಪಕ್ಕದಲ್ಲೇ ಕೂತು ಕೇಳ್ತಿದ್ರು, ಬೆಳಕು ಬಿಡು ಅಂದೆ."

ಕೋದಂಡರಾಮಪ್ಪನವರು ಇದಾವುದನ್ನೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ಹೊರಟರು.

"ಎಲ್ಲಿಗೆ ನಾಯ್ನಾ? ಉಂಡು ಹೋಗು," ಎಂದ ಶ್ರೀರಾಮಪ್ಪ.

"ಹಿರೀಕರು ಬರೋದು ಬೇಡ ಅಂತ ಹೇಳಿ ಬರಬೇಕು. ಯಾಕೆ ಬೇಡ ಅಂತ ಕೇಳ್ತಾರೆ. ಅದನ್ನೂ ನಾನೇ ಹೇಳಬೇಕು."

"ನಾನು ಹೋಗಿ ಹೇಳ್ತೀನಿ ಬಿಡು."

"ನೀನು ಹೊತ್ತಿದ್ದು ಸಾಕು," ಎಂದರು ಅವರು, ತಿರುಗಿ ನೋಡದೆ.

ನಾಲ್ಕು ಮನೆಗೂ ಹೋದರು. ನಾಲ್ಕು ಬಾಗಿಲಲ್ಲೂ ನಿಂತು, ಟ್ರಾಕ್ಟರು ಒಡೆದದ್ದು ನನ್ನ ಕೈ, ನನ್ನ ಮಗನದಲ್ಲ ಎಂದು ಹೇಳಿದರು. ಒಂದು ಮನೆಯಲ್ಲಿ ನಕ್ಕರು. ನಗುವುದು ಮುಗಿಯುವ ತನಕ ನಿಂತಿದ್ದು ಮುಂದಿನ ಮನೆಗೆ ಹೋದರು. ಕೆರೆ ಕಟ್ಟೆಯ ಮೇಲೆ ವಾಪಸು ಬರುವಾಗ ಮನೆಯ ಕಡೆಯಿಂದ ಡಬಡಬ ಸದ್ದು ಕೇಳಿಸಿತು. ನಿಂತು ಕೇಳಿದರು. ಒಂದೇ ಸಮ ಬರುತ್ತಿತ್ತು, ಬುಸ್ಸೆನ್ನಲಿಲ್ಲ.

ಅವರು ಬಂದಾಗ ಹಗ್ಗ ಬಿಚ್ಚಿತ್ತು, ಸೀರೆ ಬೇಲಿಯ ಮೇಲಿತ್ತು. ಮೇಸ್ತ್ರಿ ಉಂಡು ಬಸ್ಸಿಗೆ ಹೋಗಿದ್ದ. ಕೋದಂಡರಾಮಪ್ಪನವರು ಒಳಗೆ ಹೋಗಲಿಲ್ಲ. ಜಗಲಿಯ ಮೇಲೆ, ದೊಡ್ಡ ಮಗ ಕೂರುತ್ತಿದ್ದ ಜಾಗದಲ್ಲಿ ಕೂತರು.

"ವೆಂಕಟರತ್ನಾ, ನನ್ನ ಮುದ್ದೆ ಇಲ್ಲಿಗೇ ತಾಮ್ಮ. ಎಷ್ಟು ದಿವಸ ಉಂಡ ಅವನು ಇಲ್ಲಿ?"

ಲೆಕ್ಕ ಅವಳ ನಾಲಿಗೆ ತುದಿಯಲ್ಲೇ ಇತ್ತು. "ಹದಿನಾರು ದಿವಸ ಮಾವ."

"ಹಂಗಾದ್ರೆ ನಂದೂ ಹದಿನಾರು."

ದೊಡ್ಡಗಂಗಮ್ಮನವರು ಒಳಗಿಂದ ಏನೋ ಬೈದರು. ವೆಂಕಟರತ್ನಮ್ಮ ಮುದ್ದೆ ತಂದಿಟ್ಟಳು. ಮುದುಕರು ತಟ್ಟೆಯ ಮುಂದೆ ಕೂತರೇ ಹೊರತು ಕೈ ಹಾಕಲಿಲ್ಲ. ಆಗ ಬಾಗಿಲಲ್ಲಿ ಶ್ರೀರಾಮಪ್ಪ ಕಾಣಿಸಿಕೊಂಡ. ಅವನ ಕೈಯಲ್ಲಿ ತನ್ನ ತಟ್ಟೆ ಇತ್ತು.

"ನಿನ್ನ ಜಾಗ ಒಳಗೆ ಕಣೋ, ಹೋಗು," ಎಂದರು ಅಪ್ಪ. ಅವರಿಗೆ ಮಗನ ಮುಖ ನೋಡಲು ಆಗಲಿಲ್ಲ.

"ನಂಗೆ ಇಲ್ಲೇ ಅಭ್ಯಾಸ ಆಗೋಗಿದೆ ನಾಯ್ನಾ," ಎಂದ ಶ್ರೀರಾಮಪ್ಪ. "ಸ್ವಲ್ಪ ಸರಿ."

ಕೋದಂಡರಾಮಪ್ಪನವರು ಸರಿದು ಕೂತರು.